ಮೆರೂನ್ ಬೆಡ್‌ಶೀಟು

ಮಗುವಿನ ಮುಖ ನೋಡಿದ ಕೂಡಲೇ ಎಲ್ಲ ಮರೆತುಹೋಗುತ್ತದೆ ಎಂದು ನನಗೆ ಹೇಳಿದ ಹೆಂಗಸರು ಒಬ್ಬಿಬ್ಬರಲ್ಲ. ಅವರನ್ನೆಲ್ಲ ಒಂದು ದಿನ ನಮ್ಮ ನೆಲಮಾಳಿಗೆಗೆ ಕರೆತಂದು ನಿಲ್ಲಿಸಬೇಕಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ ಅದು. ನಾನು ಅಲ್ಲಿ ಕೊಳೆ ಬಟ್ಟೆ ವಿಂಗಡಿಸುವವಳು. ಮೇಲಿನ ಮಹಡಿಗಳಿಂದ ಗೋಡೆಯೊಳಗಿನ ದೊಡ್ಡ ಕೊಳವೆಯಲ್ಲಿ ಚೀಲಗಳು ಜಾರಿ ಬಂದು ನಮ್ಮ ಮುಂದೆ ದೊಪ್ಪನೆ ಬೀಳುತ್ತವೆ. ಹೆರಿಗೆ ವಾರ್ಡಿನದು ಕೆಂಪು ಚೀಲ. ಅದರ ಬಾಯಿ ಬಿಚ್ಚಿದಾಗ ಬಿಸಿಬಿಸಿಯಾಗಿ ಮೂಗಿಗೆ ಹೊಡೆಯುವ ವಾಸನೆಯನ್ನು ಒಮ್ಮೆ ಎಳೆದುಕೊಂಡವರು ಹೆರಿಗೆಯ ಬಗ್ಗೆ ಚೆಂದದ ಮಾತು ಆಡುವುದಿಲ್ಲ. ರಕ್ತ, ನೀರು, ವಾಂತಿ, ಹೇಲು, ಯಾವುದು ಯಾವುದೆಂದು ಹೇಳಲಾಗದ ಲೋಳೆ. ಅದನ್ನೆಲ್ಲ ಬೇರೆ ಬೇರೆ ತೊಟ್ಟಿಗೆ ಹಾಕುವುದು ನನ್ನ ಕೆಲಸ.

ಉಳಿದವರು ಒಂದು ಜೊತೆ ಗ್ಲೌಸು ಹಾಕಿದರೆ ನಾನು ಒಂದರ ಮೇಲೊಂದು ಎರಡು ಜೊತೆ ಹಾಕುತ್ತೇನೆ. ಅದಕ್ಕೇ ನನಗೆ ಅಲ್ಲಿ ಡಬಲ್ ಗ್ಲೌಸು ಎಂದೇ ಹೆಸರು. ಹೇಸಿಗೆ ನನಗೆ ಹುಟ್ಟಿನಿಂದ ಬಂದದ್ದು. ಇಂಥವಳು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಕೇಳಬೇಡಿ. ಹೊಟ್ಟೆಪಾಡು ಮೂಗನ್ನು ಕೇಳಿ ಬರುವುದಿಲ್ಲ.

ಕೆಲಸದ ಬೇಸರ ಕಳೆಯಲು ಅಲ್ಲೊಂದು ಆಟವಿತ್ತು. ಅದನ್ನು ಶುರು ಮಾಡಿದವನು ಇಸ್ತ್ರಿಯಣ್ಣ. ಅವನ ಕೆಲಸ ಇಸ್ತ್ರಿಯದಾದರೂ ಕೆಂಪು ಚೀಲ ಬಿದ್ದರೆ ಓಡಿ ಬರುತ್ತಿದ್ದ. ಕೈಗೆ ಗ್ಲೌಸು ಏರಿಸಿ, ಒಂದು ಬೆಡ್‌ಶೀಟು ಬಿಡಿಸಿ ಹಿಡಿದು, ಜ್ಯೋತಿಷಿಯ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದ.

“ಇವಳು ಗಂಡನಿಗೆ ಚೆನ್ನಾಗಿ ಬೈದಿದಾಳೆ. ಹಿಮ್ಮಡಿ ಊರಿರೋ ರಭಸ ನೋಡಿ, ಬಟ್ಟೆನೇ ಹರಿದಿದೆ.”

“ಇವಳದು ಎರಡನೇದೋ ಮೂರನೇದೋ. ಪಟ್ ಅಂತ ಆಗೋಗಿದೆ.”

“ಅಯ್ಯಯ್ಯೋ, ಇವಳು ಮಗು ಜೊತೆ ನಿನ್ನೆ ತಿಂದಿದ್ದನ್ನೂ ಹೆತ್ತಿದಾಳೆ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಮೇಲ್ವಿಚಾರಣೆಯ ಮೇಸ್ತ್ರಿಯಮ್ಮ ಕೂಡ ಬೈಯುತ್ತಾ ಬೈಯುತ್ತಾ ನಗುತ್ತಿದ್ದಳು. ಆದರೆ ಎಂದಾದರೊಮ್ಮೆ ಒಂದು ಚೀಲದಲ್ಲಿ ಒಂದೇ ಹೆಂಗಸಿನವು ಎನ್ನುವ ಹಾಗೆ ಬೆಡ್‌ಶೀಟುಗಳು ಒಂದರ ಹಿಂದೊಂದು ಬರುತ್ತಿದ್ದವು, ರಕ್ತ ಹೀರಿ ಎತ್ತಲಾರದಷ್ಟು ಭಾರವಾಗಿ. ಆಗ ಇಸ್ತ್ರಿಯಣ್ಣ ಬಾಯಿ ಬಿಡುತ್ತಿರಲಿಲ್ಲ. ಸುಮ್ಮನೆ ತಣ್ಣೀರಿನ ತೊಟ್ಟಿಗೆ ಹಾಕಿ ತನ್ನ ಇಸ್ತ್ರಿಯ ಕಡೆಗೆ ಹೋಗುತ್ತಿದ್ದ. ಆ ಹೆಂಗಸಿಗೆ ಏನಾಯಿತು ಎಂದು ಕೆಳಗೆ ಬಂದು ಹೇಳುವವರು ಯಾರೂ ಇರಲಿಲ್ಲ.

ನಾನು ಬಸುರಿಯಾದಾಗ ನನಗೆ ನೋವಿನ ಭಯವಿರಲಿಲ್ಲ. ಭಯ ಇದ್ದದ್ದು ಒಂದಕ್ಕೇ: ನನ್ನ ಬೆಡ್‌ಶೀಟು ಕೊಳವೆಯಲ್ಲಿ ಇಳಿದು ಇವರ ಕೈಗೆ ಬೀಳುವುದು. ಕೆಲಸದವರಿಗೆ ಅಲ್ಲಿ ಹೆರಿಗೆ ಬಿಟ್ಟಿ, ಬೇರೆ ಆಸ್ಪತ್ರೆಗೆ ಹೋಗುವ ಮಾತೇ ಇರಲಿಲ್ಲ. ನಾನು ಮೇಲೆ ಮಲಗಿರುವಾಗ ಕೆಳಗೆ ಇವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಂಪು ಚೀಲ ಕಾಯುತ್ತಾರೆ. ಇಸ್ತ್ರಿಯಣ್ಣ ಬಿಡಿಸಿ ಹಿಡಿಯುತ್ತಾನೆ. “ಬನ್ರಪ್ಪಾ, ಡಬಲ್ ಗ್ಲೌಸಿಂದು ಬಂತು!” ಅದನ್ನು ನೆನೆಸಿಕೊಂಡರೇ ಮೈಯೆಲ್ಲ ಮುಳ್ಳು ಏಳುತ್ತಿತ್ತು.

ಅದಕ್ಕೊಂದು ಉಪಾಯ ಮಾಡಿದೆ. ರೋಗಿಯ ಮನೆಯ ಬಟ್ಟೆ ಕೊಳವೆಗೆ ಬೀಳುವುದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯವರ ಕೈಗೇ ಕೊಡುತ್ತಾರೆ. ಎಂಟನೇ ತಿಂಗಳಲ್ಲಿ ಅಂಗಡಿಗೆ ಹೋಗಿ ಒಂದು ಬೆಡ್‌ಶೀಟು ಕೊಂಡೆ, ಕಡು ಮೆರೂನ್ ಬಣ್ಣದ್ದು. ಅದರ ಮೇಲೆ ಏನು ಚೆಲ್ಲಿದರೂ ಕಾಣುವುದಿಲ್ಲ. ಹೊಸ ಬಟ್ಟೆಯ ಬಣ್ಣ ಬಿಡುತ್ತದೆಂದು ಕೆಲಸದ ಜಾಗದಲ್ಲೇ ಉಪ್ಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೂ ಜಾಲಿಸಿದೆ.

“ಏನೇ, ಮಗು ಹೆರೋಕೆ ಹೋಗ್ತೀಯೋ ಮದುವೆ ಮನೆಗೆ ಹೋಗ್ತೀಯೋ?” ಎಂದಳು ಮೇಸ್ತ್ರಿಯಮ್ಮ.

“ನಮ್ಮ ಕೈಗೆ ಸಿಗಬಾರದು ಅಂತ ಮಾಡಿದಾಳೆ, ಕಿಲಾಡಿ,” ಎಂದ ಇಸ್ತ್ರಿಯಣ್ಣ. ಅವನಿಗೆ ನಿಜವಾಗಿಯೂ ಬೇಜಾರಾದಂತಿತ್ತು. ನನಗೆ ಗೆದ್ದ ಸಂತೋಷ.

ಮನೆಯಲ್ಲಿ ನನ್ನ ಹೇಸಿಗೆಗೆ ಬೆಲೆ ಕೊಡುವವರೇ ಇಲ್ಲ. ಅತ್ತೆಯದು ಕೋಳಿ ಅಂಗಡಿ, ನಮ್ಮ ಮನೆ ಅದರ ಮೇಲೆ. ದಿನವಿಡೀ ಕೋಳಿ ಕೊಯ್ದು ಕೊಯ್ದು ಅವರ ಮೂಗಿಗೆ ರಕ್ತದ ವಾಸನೆ ವಾಸನೆಯೇ ಅಲ್ಲ. ಊಟಕ್ಕೆ ಕೂತಾಗ ತಮ್ಮ ಮೂರು ಹೆರಿಗೆಗಳ ಕಥೆ ತೆಗೆಯುತ್ತಾರೆ. ಬೆರಳಿಗೆ ಉಗುಳು ಹಚ್ಚಿ ನನ್ನ ಕೆನ್ನೆ ಮೇಲಿನ ಕರೆ ಒರೆಸಲು ಬರುತ್ತಾರೆ. ನಾನು ಮೂಗು ಮುರಿದರೆ ಅವರದೊಂದು ಕಥೆ ಇದ್ದೇ ಇದೆ.

“ದಡ್ಡ ಹೇಲು ತುಳಿದ್ನಂತೆ, ಕಾಲು ಒರೆಸ್ಕೊಂಡು ಹೋದ್ನಂತೆ. ಬುದ್ಧಿವಂತನೂ ತುಳಿದ್ನಂತೆ. ಇದೇನು ಅಂತ ಬೆರಳಲ್ಲಿ ಮುಟ್ಟಿ ನೋಡಿದ್ನಂತೆ, ಆಮೇಲೆ ಮೂಗಿಗೂ ಹಿಡಿದ್ನಂತೆ. ದಡ್ಡನಿಗೆ ಒಂದು ಕಡೆ, ಬುದ್ಧಿವಂತನಿಗೆ ಮೂರು ಕಡೆ ಕಣೇ!”

ಇಷ್ಟು ಹೇಳಿ, ಅದೇ ಬಾಯಿಗೆ ಅನ್ನ ಹಾಕಿಕೊಂಡು ನಗುತ್ತಾರೆ. ಇಂಥವರ ಮಗ ನನ್ನ ಗಂಡ, ಬಸ್ ಕಂಡಕ್ಟರು. ಕೋಳಿ ಅಂಗಡಿಯಲ್ಲಿ ಬೆಳೆದೂ ಒಂದು ಹನಿ ರಕ್ತ ಕಂಡರೆ ನೆಲ ಹಿಡಿಯುವ ಗಂಡಸು.

ನನ್ನ ನೀರು ಒಡೆದದ್ದು ಬೆಳಿಗ್ಗೆ, ಮನೆಯ ಮೆಟ್ಟಿಲಲ್ಲಿ. ತೊಡೆಯ ನಡುವೆ ಯಾರೋ ಬೆಚ್ಚಗಿನ ಚೊಂಬು ಬಗ್ಗಿಸಿದ ಹಾಗಾಯಿತು. ಕೆಳಗಿನಿಂದ ಓಡಿ ಬಂದ ಅತ್ತೆ ಬರಿಗಾಲಲ್ಲೇ ಅದರಲ್ಲಿ ನಿಂತರು.

“ಅತ್ತೆ, ಕಾಲು!”

“ನೀರು ತಾನೇ ಕಣೆ. ನನ್ನ ಮೊಮ್ಮಗು ಈಜಾಡಿದ ನೀರು,” ಎಂದು ಕಾಲೊರೆಸಿಗೆ ಎರಡು ಸಲ ಪಾದ ಉಜ್ಜಿ ಚಪ್ಪಲಿ ಮೆಟ್ಟಿಕೊಂಡರು. ಆ ಪಾದದಲ್ಲೇ ಆಸ್ಪತ್ರೆಗೆ ಬಂದರು. ದಾರಿಯುದ್ದಕ್ಕೂ ನಾನು ನೋವಿಗಿಂತ ಹೆಚ್ಚಾಗಿ ಅವರ ಪಾದದ ಬಗ್ಗೆಯೇ ಯೋಚಿಸಿದೆ.

ಹೆರಿಗೆ ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಪರದೆ. ಪಕ್ಕದ ಮಂಚದವಳು ಆಗಲೇ ನರಳುತ್ತಿದ್ದಳು. ನರ್ಸು ಬಿಳಿ ಬೆಡ್‌ಶೀಟು ಬಿಡಿಸುವಷ್ಟರಲ್ಲಿ ನಾನು ನನ್ನದನ್ನು ಹೊರಗೆ ತೆಗೆದೆ.

“ಇದೇನಮ್ಮಾ ಇದು? ಇಲ್ಲಿ ಬಿಳಿದೇ ಹಾಸೋದು.”

“ನನಗೆ ಇದೇ ಬೇಕು ಸಿಸ್ಟರ್.”

“ನಮಗೆ ಕಾಣಬೇಕಮ್ಮಾ.”

“ಕಾಣಬಾರದು ಅಂತಾನೇ ತಂದಿರೋದು.”

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯಾಚೆಯವಳು ಕಿರುಚಿದಳು. “ಆಯ್ತು, ಹಾಸ್ಕೊ ಮಾರಾಯ್ತಿ, ನಿನ್ನ ಹತ್ರ ವಾದ ಮಾಡೋಕೆ ನನಗೆ ಟೈಮಿಲ್ಲ,” ಎಂದು ಆ ಕಡೆ ಹೋದಳು. ಅತ್ತೆ ಮೆರೂನ್ ಬೆಡ್‌ಶೀಟು ಹಾಸಿ ಸುಕ್ಕು ಎಳೆದರು. ನಾನು ಮಹಾರಾಣಿಯ ಹಾಗೆ ಅದರ ಮೇಲೆ ಮಲಗಿದೆ.

ಮಹಾರಾಣಿತನ ಬಹಳ ಹೊತ್ತು ಉಳಿಯಲಿಲ್ಲ. ಮೊದಲು ಎನಿಮಾ ಕೊಟ್ಟರು. ಆಮೇಲೆ ಬ್ಲೇಡು ಹಿಡಿದು ಬಂದರು. ಬಂದವರೆಲ್ಲ ಕೇಳದೆ ಕೈ ಹಾಕಿ ಎಷ್ಟು ತೆರೆದಿದೆ ಎಂದು ನೋಡಿ, ಗೊಣಗಿ, ಗ್ಲೌಸು ಕಳಚಿ ಬಕೆಟ್ಟಿಗೆ ಎಸೆದು ಹೋದರು. ಎಸೆದ ಗ್ಲೌಸು ಬಕೆಟ್ಟಿನ ಅಂಚಿಗೆ ಅಂಟಿಕೊಂಡು ಮೆಲ್ಲಗೆ ಜಾರುವುದನ್ನು ನಾನು ಕತ್ತು ತಿರುಗಿಸಿ ನೋಡುತ್ತಿದ್ದೆ. ಆ ಕೋಣೆಯ ಗಾಳಿಗೆ ಡೆಟಾಲು, ಬೆವರು, ಹಳೆಯ ರಕ್ತ ಮೂರೂ ಸೇರಿದ ವಾಸನೆಯಿತ್ತು. ಅತ್ತೆಯ ಮೈಯಿಂದ ಕೋಳಿ ಪುಕ್ಕದ ವಾಸನೆ. ಎಲ್ಲಕ್ಕಿಂತ ಕೆಟ್ಟದ್ದು ನನ್ನದೇ ವಾಸನೆ. ಅದನ್ನು ಬಿಟ್ಟು ದೂರ ಹೋಗುವ ಹಾಗಿರಲಿಲ್ಲ.

ನೋವು ಹೇಗಿತ್ತು ಎಂದು ಕೇಳಿದರೆ, ಒದ್ದೆ ಕಂಬಳಿಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುತ್ತಾರಲ್ಲ, ಆ ಕಂಬಳಿ ನಾನು. ಹಿಂಡಿದಾಗಲೆಲ್ಲ ಏನಾದರೊಂದು ಹೊರಗೆ ಬರುತ್ತಿತ್ತು. ಒಂದು ಸಲ ವಾಂತಿ ನುಗ್ಗಿತು. ಪಾತ್ರೆ ದೂರದಲ್ಲಿತ್ತು. ಅತ್ತೆ ಸರಕ್ಕನೆ ಎರಡೂ ಕೈ ಬೊಗಸೆ ಮಾಡಿ ನನ್ನ ಬಾಯಿಯ ಕೆಳಗೆ ಹಿಡಿದರು. ಬರಿಗೈ! ನನ್ನ ವಾಂತಿ ಅವರ ಬೊಗಸೆಯಲ್ಲಿ ತುಂಬಿ ಬೆರಳ ಸಂದಿಯಿಂದ ಸೋರಿತು. ಅದನ್ನು ನೋಡಿ ನನಗೆ ಮತ್ತೆ ವಾಂತಿ ಬಂತು.

“ಥೂ! ಕೈ ತೊಳ್ಕೊಳ್ಳಿ ಅತ್ತೆ, ದಮ್ಮಯ್ಯ ಅಂತೀನಿ, ಕೈ ತೊಳ್ಕೊಳ್ಳಿ!”

“ಆಯ್ತು ಬಿಡೆ, ನೀನು ಮೊದ್ಲು ಉಸಿರಾಡು,” ಎಂದು ಅದನ್ನು ಬಕೆಟ್ಟಿಗೆ ಬಿಟ್ಟು, ಕೈಯನ್ನು ಉಟ್ಟ ಬಟ್ಟೆಗೇ ಒರೆಸಿಕೊಂಡು, ಅದೇ ಕೈಯಲ್ಲಿ ನನ್ನ ಹಣೆ ಸವರಿದರು. ತಲೆ ಕೊಡವಿದೆ. ಅವರು ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುಕ್ಕು, ಮುಕ್ಕು ಎಂದರು. ಮುಕ್ಕಿದೆ. ಮೊದಲು ಬಂದದ್ದು ಮಗುವಲ್ಲ. ಏನು ಬಂತು ಎಂದು ನನಗೆ ವಾಸನೆಯಿಂದಲೇ ಗೊತ್ತಾಯಿತು. ನರ್ಸು ಒರೆಸಿ ತೆಗೆದಳು. ಬೆಡ್‌ಶೀಟಿನ ಮೇಲೆ ಏನೂ ಕಾಣಲಿಲ್ಲ. ಅಷ್ಟು ನೋವಿನಲ್ಲೂ ನನ್ನ ಮೆರೂನ್ ಬಣ್ಣದ ಆಯ್ಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಉರಿ, ಹರಿದಂಥ ನೋವು, ಮತ್ತೆ ಜಾರಿ ಹೋದ ಹಾಗೆ ಒಂದು ಬಿಡುಗಡೆ. ಹೆಣ್ಣು ಮಗು ಎಂದು ಎತ್ತಿ ತೋರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಅದು ಬರೀ ಹೆಗ್ಗಣವಾಗಿಯೇ ಕಂಡಿತು. ಮೈಗೆಲ್ಲ ಹಳಸಿದ ಬೆಣ್ಣೆಯಂಥ ಬಿಳಿ ಮೆತ್ತಿಕೊಂಡಿತ್ತು. ತಲೆ ಸೌತೆಕಾಯಿಯ ಹಾಗೆ ಉದ್ದ. ಕಿವಿಯ ಹಿಂದೆ ರಕ್ತದ ಹೆಪ್ಪು. ನೇರಳೆ ಬಣ್ಣದ ದಪ್ಪ ಹುರಿ ಹೊಟ್ಟೆಯಿಂದ ಜೋತು ಮಿಡಿಯುತ್ತಿತ್ತು. ಎಲ್ಲ ಮರೆತುಹೋಗುತ್ತದೆ ಎಂದಿದ್ದರಲ್ಲ, ಕಾದೆ. ಏನೂ ಮರೆಯಲಿಲ್ಲ. ಆಮೇಲೆ ಮಾಸು ಬಿತ್ತು. ಅತ್ತೆ ಬಗ್ಗಿ ಅದನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿ, “ಒಳ್ಳೇ ಲಿವರ್ ಇದ್ದ ಹಾಗಿದೆ ಕಣೇ,” ಎಂದರು. ನಾನು ಕಣ್ಣು ಮುಚ್ಚಿಕೊಂಡೆ.

ನರ್ಸು ನನ್ನ ಹೊಟ್ಟೆ ಒತ್ತಿ ನೋಡಿ ಗರ್ಭಕೋಶ ಗಟ್ಟಿಯಾಗಿದೆ, ತೊಂದರೆಯಿಲ್ಲ ಎಂದಳು. ಮಗುವನ್ನು ಆಸ್ಪತ್ರೆಯ ಬಿಳಿ ಟವೆಲಿನಲ್ಲಿ ಸುತ್ತಿ ನನ್ನ ಎದೆಯ ಮೇಲಿಟ್ಟಳು. ಅಷ್ಟರಲ್ಲಿ ಪರದೆಯಾಚೆ ಗಲಾಟೆಯಾಯಿತು. ಪಕ್ಕದವಳ ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತ್ತು. ಡಾಕ್ಟರು, ನರ್ಸು, ಇದ್ದಬದ್ದವರೆಲ್ಲ ಆ ಕಡೆ ಓಡಿದರು. ಈ ಕಡೆ ನಾನು, ಅತ್ತೆ, ಟವೆಲಿನ ಗಂಟು.

ಆಗ ನನ್ನ ಕೆಳಗೆ ಬೆಚ್ಚಗೆ ಒದ್ದೆಯಾಗತೊಡಗಿತು.

ಉಚ್ಚೆ ಹೋಯಿತು ಅಂದುಕೊಂಡೆ. ಅಷ್ಟೆಲ್ಲ ಆದ ಮೇಲೆ ಈಗ ಇದೊಂದು ಬಾಕಿ ಇತ್ತು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಹೇಗೂ ಕಾಣುವುದಿಲ್ಲ, ಬೆಡ್‌ಶೀಟು ತೆಗೆಯುವಾಗ ಎಲ್ಲ ಒಟ್ಟಿಗೆ ಹೋಗುತ್ತದೆ ಎಂದು ಸುಮ್ಮನಿದ್ದೆ. ಒದ್ದೆ ಬೆನ್ನಿನವರೆಗೂ ಹತ್ತಿತು. ನನಗೆ ಚಳಿ ಶುರುವಾಯಿತು. ಕಿವಿಯಲ್ಲಿ ನಮ್ಮ ಕೆಳಗಿನ ಯಂತ್ರಗಳು ತಿರುಗುವಂಥ ಗುಂಯ್‌ಗುಡುವ ಸದ್ದು.

“ಯಾಕೆ ಹೀಗೆ ಬಿಳಿಚಿಕೊಂಡಿದೀಯಾ?” ಎಂದರು ಅತ್ತೆ.

“ಒದ್ದೆ,” ಎಂದೆ, ಅಷ್ಟೇ.

ಅವರು ಬಗ್ಗಿ ನೋಡಿದರು. ಕಡು ಬಣ್ಣದ ಬಟ್ಟೆ ಇನ್ನಷ್ಟು ಕಡುವಾಗಿತ್ತು, ಬೇರೇನೂ ಇಲ್ಲ. ಮೂಗು ಅವರಿಗೆ ಏನೂ ಹೇಳಲಿಲ್ಲ, ಆ ಮೂಗು ಅಂಗಡಿಯಲ್ಲಿ ಎಂದೋ ಕೆಟ್ಟಿತ್ತು. “ಏನಿಲ್ಲ, ನೀರು ಹೋಗಿದೆ. ನಾಚ್ಕೋಬೇಡ, ನನಗೂ ಮೂರು ಸಲವೂ ಹೋಗಿತ್ತು,” ಎಂದು ಪಕ್ಕದ ಮಂಚದ ಕಡೆ ಕಿವಿಗೊಟ್ಟರು.

ಆದರೆ ಉಚ್ಚೆ ಬೇಗ ತಣ್ಣಗಾಗುತ್ತದೆ. ಇದು ತಣ್ಣಗಾಗುತ್ತಿರಲಿಲ್ಲ, ಬೆಚ್ಚಗೆ ಬರುತ್ತಲೇ ಇತ್ತು. ಬಟ್ಟೆ ತೊಡೆಗೆ ಅಂಟುತ್ತಿತ್ತು. ಕೈಗೆ ಗ್ಲೌಸಿಲ್ಲ. ಈ ಕೈಯಿಂದ ಅದನ್ನು ಮುಟ್ಟುವುದಕ್ಕಿಂತ ಸುಮ್ಮನೆ ನಿದ್ದೆ ಹೋಗುವುದೇ ಮೇಲು ಅನಿಸಿತು. ನಿದ್ದೆ ಬಹಳ ಹತ್ತಿರದಲ್ಲೇ, ಮೆತ್ತಗೆ ಕಾದಿತ್ತು. ಆಗ ಎದೆಯ ಮೇಲಿನ ಗಂಟು ಸೀನಿತು. ನನ್ನ ಗಂಟಲಿಗೆ ಲೋಳೆ ಸಿಡಿಯಿತು. ಅದಕ್ಕೆ ಹೇಸಿ ಕಣ್ಣು ಬಿಟ್ಟೆ.

ಕಣ್ಣು ಬಿಟ್ಟವಳು ಕೈಯನ್ನು ಕೆಳಗೆ ಹಾಕಿದೆ. ಬೆರಳುಗಳು ಮೆತ್ತನೆಯದರಲ್ಲಿ ಹೂತುಹೋದವು. ಎತ್ತಿ ಮೂಗಿಗೆ ಹಿಡಿದೆ. ದಿನವೂ ಕೆಂಪು ಚೀಲದಿಂದ ಬರುತ್ತಿದ್ದ ವಾಸನೆ, ತುಕ್ಕು ಕಬ್ಬಿಣದ ವಾಸನೆ. ತುಳಿದದ್ದೂ ಆಯಿತು, ಮುಟ್ಟಿದ್ದೂ ಆಯಿತು, ಮೂಸಿದ್ದೂ ಆಯಿತು. ಅತ್ತೆಯ ಬುದ್ಧಿವಂತೆ ನಾನೇ.

ಕೂಗಲು ಹೋದೆ, ಸ್ವರ ಬರಲಿಲ್ಲ. ನಾಲಿಗೆ ಒಣಗಿದ ಬಟ್ಟೆಯ ಹಾಗಿತ್ತು. ಉಳಿದಿದ್ದ ಶಕ್ತಿಯಲ್ಲಿ ಆ ಕೈಯನ್ನು ಮಗುವಿನ ಬಿಳಿ ಟವೆಲಿನ ಮೇಲೆ ಒತ್ತಿ ಎಳೆದೆ.

ಐದು ಬೆರಳೂ ಮೂಡಿದವು, ಕೆಂಪಗೆ.

ಅತ್ತೆ ತಿರುಗಿ ನೋಡಿದರು. ಒಂದು ಗಳಿಗೆ ಮಗುವಿಗೇ ಏನೋ ಆಯಿತೆಂದು ತಿಳಿದರು. ಆಮೇಲೆ ನನ್ನ ಕೈ ನೋಡಿದರು. ಸಂತೆಗೆ ಕೇಳುವ ಅಂಗಡಿಯ ಗಂಟಲಲ್ಲಿ, “ಯಾರ್ರೀ ಅಲ್ಲಿ! ಬನ್ರೀ! ನಮ್ಮ ಹುಡುಗಿ ಹೋಗ್ತಾ ಇದಾಳೆ!” ಎಂದು ಅರಚಿದರು.

ನರ್ಸು ಓಡಿ ಬಂದು ಬೆಡ್‌ಶೀಟಿನ ಅಂಚು ಎತ್ತಿದಳು. ಅದು ಮೇಲೇಳಲಿಲ್ಲ, ಅಷ್ಟು ಭಾರವಾಗಿತ್ತು. ಮೂಲೆಯಿಂದ ಸುರಿದದ್ದು ಬಿಳಿ ನೆಲದ ಮೇಲೆ ಹರಿದಾಗ ಎಲ್ಲರಿಗೂ ಕಂಡಿತು. “ಈ ಹಾಳು ಬಣ್ಣ!” ಎಂದು ಅದನ್ನು ನನ್ನ ಕೆಳಗಿನಿಂದ ಕಿತ್ತು ಮೂಲೆಗೆ ಎಸೆದಳು. ಅದು ಸತ್ತ ಪ್ರಾಣಿಯ ಹಾಗೆ ಪಚ್ಚೆಂದು ಬಿತ್ತು.

ಮುಂದಿನದು ತುಂಡು ತುಂಡಾಗಿ ನೆನಪಿದೆ. ಡಾಕ್ಟರು ಕೋಳಿಯ ಹೊಟ್ಟೆಗೆ ಕೈ ಹಾಕುವ ಹಾಗೆ ನನ್ನೊಳಗೆ ಕೈ ಹಾಕಿದರು. ಇನ್ನೊಂದು ಕೈ ಹೊಟ್ಟೆಯ ಮೇಲೆ. ಎರಡರ ನಡುವೆ ನನ್ನ ಗರ್ಭಕೋಶವನ್ನು ಹಿಡಿದು ಅದುಮಿದರು. ಹೆಪ್ಪುಗಳು ಪಿಚಕ್ ಪಿಚಕ್ ಎಂದು ಜಾರಿದವು. ತೋಳಿಗೆ ಸೂಜಿ, ಯಾರದೋ ರಕ್ತದ ತಣ್ಣನೆಯ ಚೀಲ. ಕೆಳಗೆ ಒಂದು ಬಿಳಿ ಬೆಡ್‌ಶೀಟು ತುರುಕಿದರು. ಕೆಂಪಾಯಿತು. ಎಳೆದು ಇನ್ನೊಂದು. ಅದೂ ಕೆಂಪಾಯಿತು. ಮತ್ತೊಂದು. ನನಗೆ ಆಗಲೂ ಮೊದಲು ಬಂದದ್ದು ಹೇಸಿಗೆಯೇ, ಸಾಯುವ ಭಯ ಆಮೇಲೆ ಬಂತು. ಆದರೆ ಬಂತು. ಈ ಹೊಲಸಿನಲ್ಲೇ ಬಿದ್ದುಕೊಂಡಿದ್ದರೂ ಸರಿ, ಬದುಕಬೇಕು ಎಂದು ನನಗೆ ಅಷ್ಟು ಜೋರಾಗಿ ಎಂದೂ ಅನಿಸಿರಲಿಲ್ಲ.

ಕೊನೆಗೆ ಒಂದು ಬೆಡ್‌ಶೀಟು ಬಿಳಿಯಾಗಿಯೇ ಉಳಿಯಿತು. ನರ್ಸು ಅದನ್ನೇ ದಿಟ್ಟಿಸಿ ನೋಡುತ್ತಾ ನಿಂತಿದ್ದಳು. ಬಿಳಿ ಯಾಕೆ ಹಾಸುತ್ತಾರೆಂದು ನನಗೆ ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಎಚ್ಚರವಾದಾಗ ಪಕ್ಕದಲ್ಲಿ ಹೆರಿಗೆ ಕೋಣೆಯ ಪರದೆಯಾಚೆಯವಳಿದ್ದಳು, ಅವಳ ಮಗುವೂ ಇತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ನನ್ನ ಗಂಡ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಹೆರಿಗೆ ಕೋಣೆಯ ಬಾಗಿಲಿಂದ ಒಳಗೆ ಇಣುಕಿ ಬಿದ್ದಿದ್ದನಂತೆ. ಅತ್ತೆ ಮಗುವನ್ನು ನನ್ನ ತೊಡೆಯ ಮೇಲಿಟ್ಟರು. ಇಟ್ಟ ಕೂಡಲೇ ಅದು ಡಾಂಬರಿನಂಥ ಕಪ್ಪು ಅಂಟನ್ನು ನನ್ನ ಅಂಗೈಗೇ ಬಿಟ್ಟಿತು.

“ಥೂ, ನಿನ್ನ!” ಎಂದೆ. ಅದು ತೆರೆಯಲಾರದ ಕಣ್ಣು ತೆರೆದು ನನ್ನ ಕಡೆ ನೋಡಿತು. ಹೇಸಿಗೆ ಹೋಗಲಿಲ್ಲ. ಆದರೂ ಮಗುವನ್ನು ಅತ್ತೆಗೆ ಕೊಡಲಿಲ್ಲ, ಇನ್ನೊಂದು ಕೈಯಲ್ಲಿ ನಾನೇ ಒರೆಸಿದೆ.

ಆಗ ಬಾಗಿಲಲ್ಲಿ ಮೇಸ್ತ್ರಿಯಮ್ಮ ಕಂಡಳು. ಕೆಲಸದ ಏಪ್ರನ್ನು ಬಿಚ್ಚಿರಲಿಲ್ಲ. ಬಾಗಿಲಲ್ಲೇ ನಿಂತು ಮಂಚಗಳ ಮೇಲೆ ಒಂದೊಂದಾಗಿ ಕಣ್ಣಾಡಿಸುತ್ತಾ ಬಂದು, ನನ್ನನ್ನು ಕಂಡು ಗೋಡೆ ಹಿಡಿದುಕೊಂಡಳು. ಹತ್ತಿರ ಬಂದು ಮಂಚದ ಅಂಚಿಗೆ ಕೂತಳು.

“ಏನಮ್ಮಾ?” ಎಂದೆ.

“ನಿನ್ನ ಹಾಸಿಗೆ ಖಾಲಿ ಇರುತ್ತೆ ಅಂದ್ಕೊಂಡು ಬಂದೆ ಕಣೇ.”

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಗಡಿಬಿಡಿಯಲ್ಲಿ ಮೂಲೆಗೆ ಎಸೆದಿದ್ದ ನನ್ನ ಬೆಡ್‌ಶೀಟನ್ನೂ ಯಾರೋ ಬಿಳಿಯವುಗಳ ಜೊತೆ ಕೆಂಪು ಚೀಲಕ್ಕೆ ತುಂಬಿ ಕೊಳವೆಗೆ ಬಿಟ್ಟಿದ್ದರು. ಬಿಳಿಯವಷ್ಟೇ ಇಳಿದಿದ್ದರೆ ಯಾರವೆಂದು ಯಾರಿಗೆ ಗೊತ್ತಾಗಬೇಕು? ಆದರೆ ಭಾರದ ಆ ಚೀಲದ ಬಾಯಿ ಬಿಚ್ಚಿದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಮೆರೂನ್.

ಕೆನ್ನೆ ಬಿಸಿಯಾಯಿತು. ತಿಂಗಳುಗಟ್ಟಲೆ ಹೆದರಿದ್ದು ಇದಕ್ಕೇ ತಾನೇ. ಕೇಳಲೋ ಬೇಡವೋ ಎಂದು ಕೇಳಿದೆ: “ಇಸ್ತ್ರಿಯಣ್ಣ ಬಿಡಿಸಿ ನೋಡಿದ್ನಾ? ಏನಂದ?”

“ಏನೂ ಅನ್ಲಿಲ್ಲ. ನಮ್ಮನ್ನ ಯಾರನ್ನೂ ಹತ್ರ ಬಿಡ್ಲಿಲ್ಲ. ಒಬ್ಬನೇ ಕೂತು ಎಲ್ಲಾನೂ ತಣ್ಣೀರಲ್ಲಿ ಕೈಯಲ್ಲೇ ಉಜ್ಜಿದ, ಮೆಷಿನ್ನಿಗೂ ಹಾಕ್ಲಿಲ್ಲ. ಅಳ್ತಾ ಇದ್ದ ಕಣೇ. ಗ್ಲೌಸು ಹಾಕ್ಕೊಳ್ಳೋದೂ ಮರ್ತಿದ್ದ.”

ನನ್ನ ಕಣ್ಣಿಂದ ನೀರು ದಳದಳನೆ ಇಳಿಯಿತು. ಮೂಗೂ ಸೋರಿತು. ಅದನ್ನು ಅಂಗೈಯಲ್ಲೇ ಒರೆಸಿಕೊಂಡೆ.

“ಬರಿಗೈಲಾ?” ಎಂದೆ. “ಥೂ! ಕೈ ತೊಳ್ಕೊಂಡ್ನಾ?”